ಕೊನೆಯ ಮನುಷ್ಯನ ಕೈಯ ಕಲ್ಲು

ಲೋಕವು ಅನಾದಿನಿಧನವೆಂದು ನಂಬಿದವರಿಗೆ ‘ಜಗತ್ತಿನ ಅಂತ್ಯ’ ಎಂಬ ಮಾತು ಅಪರಿಚಿತವಾದುದು. ಅವಸರ್ಪಿಣಿಯ ಕಡೆಯಲ್ಲಿ ಆರ್ಯಖಂಡದ ಮೇಲೆ 49 ದಿನಗಳ ಪ್ರಳಯ ಎರಗುವುದೆಂದು ಶಾಸ್ತ್ರಗಳು ಹೇಳುತ್ತವೆ, ನಿಜ. ಆದರೆ ಆಗಲೂ 72 ಯುಗಲಗಳು ಗುಹೆಗಳಲ್ಲಿ ಉಳಿಯುತ್ತವೆ, ಕಾಲಚಕ್ರ ಮತ್ತೆ ಮೇಲಕ್ಕೆ ತಿರುಗುತ್ತದೆ. ಕ್ರೈಸ್ತ ಯುರೋಪಿನ ಕಲ್ಪನೆ ಹೀಗಿರಲಿಲ್ಲ. ಅಲ್ಲಿ ಸೃಷ್ಟಿ ಒಂದೇ ಸಲ, ಅಂತ್ಯವೂ ಒಂದೇ ಸಲ. 19ನೆಯ ಶತಮಾನದ ಲೇಖಕರು ಆ ಅಂತ್ಯವನ್ನು ದೇವರ ಕೈಯಿಂದ ತೆಗೆದು ನಿಸರ್ಗದ ಕೈಗೆ ಕೊಟ್ಟರು. ಫ್ರಾನ್ಸಿನ ಖಗೋಳಜ್ಞ ಫ್ಲಾಮಾರಿಯೋ 1894ರಲ್ಲಿ ಧೂಮಕೇತುವಿನ ಕಥೆ ಹೇಳಿದ. ಮರುವರ್ಷವೇ ವೆಲ್ಸ್ ತನ್ನ ‘ಟೈಮ್ ಮೆಷೀನ್’ನಲ್ಲಿ ನಂದುತ್ತಿರುವ ಕೆಂಪು ಸೂರ್ಯನನ್ನು ಕಾಣಿಸಿದ. ಇವರಿಬ್ಬರಿಗಿಂತ ಬಹಳ ಮೊದಲು, 1826ರಲ್ಲಿ, ಮೇರಿ ಶೆಲ್ಲಿಯ ‘ದಿ ಲಾಸ್ಟ್ ಮ್ಯಾನ್’ ಪ್ರಕಟವಾಗಿತ್ತು.

ಆ ವೇಳೆಗೆ ಆಕೆಯ ನಾಲ್ವರು ಮಕ್ಕಳಲ್ಲಿ ಮೂವರು ತೀರಿಕೊಂಡಿದ್ದರು. ಪತಿ, ಕವಿ ಶೆಲ್ಲಿ, 1822ರಲ್ಲಿ ಸಮುದ್ರದಲ್ಲಿ ಮುಳುಗಿದ್ದ. ಮಾಂಸಾಹಾರವನ್ನು ಖಂಡಿಸಿ 1813ರಲ್ಲೇ ಪುಸ್ತಿಕೆ ಬರೆದಿದ್ದವನು ಆತ. ಆಕೆಯ ‘ಫ್ರಾಂಕನ್‌ಸ್ಟೈನ್’ನ ವಿಕಾರರೂಪಿಯೂ ಕುರಿಮರಿ ಮೇಕೆಮರಿಗಳನ್ನು ಕೊಲ್ಲುವುದಿಲ್ಲ, ಕಾಡಿನ ಕಾಯಿಹಣ್ಣುಗಳಷ್ಟೇ ತನಗೆ ಸಾಕೆನ್ನುತ್ತಾನೆ.

‘ದಿ ಲಾಸ್ಟ್ ಮ್ಯಾನ್’ 21ನೆಯ ಶತಮಾನದ ಕೊನೆಯ ಕಥೆ. ಮೊದಲ ಸಂಪುಟ ದೀರ್ಘ. ರಾಜಕಾರಣ, ಪ್ರಣಯಗಳಲ್ಲಿ ತೆವಳುತ್ತದೆ. ಬಳಿಕ ಮಹಾಮಾರಿ ಬರುತ್ತದೆ. ದೇಶದಿಂದ ದೇಶಕ್ಕೆ ಹರಡಿ ಮನುಷ್ಯರನ್ನೆಲ್ಲ ಒಯ್ಯುತ್ತದೆ. ಕೊನೆಗೆ ಉಳಿದ ನಾಲ್ವರಲ್ಲಿ ಒಂದು ಮಗು ಜ್ವರದಿಂದ ಸಾಯುತ್ತದೆ, ಇಬ್ಬರು ಸಮುದ್ರದ ಪಾಲಾಗುತ್ತಾರೆ. ಲಯೊನೆಲ್ ವರ್ನಿ ಎಂಬೊಬ್ಬನೇ ಈಜಿ ಇಟಲಿಯ ದಡ ಸೇರುತ್ತಾನೆ. ಗಮನಿಸತಕ್ಕ ಸಂಗತಿಯೆಂದರೆ, ಈ ರೋಗ ಪ್ರಾಣಿಗಳನ್ನು ಮುಟ್ಟುವುದಿಲ್ಲ. ಹಕ್ಕಿಗಳು ಗೂಡು ಕಟ್ಟುತ್ತವೆ, ದನಕರುಗಳು ಮೇಯುತ್ತವೆ. ಮನುಷ್ಯನು ‘ಜಗತ್ತು ಮುಗಿಯಿತು’ ಎಂದಾಗ ಮುಗಿದದ್ದು ಮನುಷ್ಯಕುಲವೊಂದೇ.

ರೋಮ್ ನಗರವನ್ನು ಸೇರುವ ಮುನ್ನ ವರ್ನಿಗೆ ಬೆಟ್ಟವೊಂದರಲ್ಲಿ ಮೇಕೆಗಳ ಒಂದು ಸಂಸಾರ ಎದುರಾಗುತ್ತದೆ. ನರ, ನಾಡಿ, ಮಾಂಸ, ಮಿದುಳುಗಳಲ್ಲಿ ತಾನೂ ಪ್ರಾಣಿಗಳೂ ಒಂದೇ ಎಂದು ಆಗಷ್ಟೇ ಆತ ಹೇಳಿಕೊಂಡಿದ್ದಾನೆ. ಎಳೆಹುಲ್ಲನ್ನು ಕಿತ್ತು ಕೈಯಲ್ಲಿ ಹಿಡಿದು ಕರೆಯುತ್ತಾನೆ. ಮರಿಗಳು ತಾಯಿಯನ್ನು ಒತ್ತಿ ನಿಲ್ಲುತ್ತವೆ. ಹೋತ ತಲೆ ತಗ್ಗಿಸಿ ಹಾಯಲು ಬರುತ್ತದೆ. ಮನುಷ್ಯನ ಕೈಯ ಹುಲ್ಲಿನ ಹಿಂದೆ ಸಾವಿರಾರು ವರ್ಷ ಏನಿತ್ತೆಂಬುದನ್ನು ಬಲ್ಲವರಿಗೆ ಹೋತದ ನಡತೆ ವಿಚಿತ್ರವೆನಿಸದು. ವರ್ನಿ ಅದನ್ನು ಯೋಚಿಸುವುದಿಲ್ಲ. ಕ್ರೋಧದಿಂದ ದೊಡ್ಡ ಕಲ್ಲೊಂದನ್ನು ಎತ್ತಿ ಗುರಿಯಿಡುತ್ತಾನೆ. ಅಷ್ಟರಲ್ಲಿ ಎದೆ ಒಡಂಬಡದೆ ಕಲ್ಲನ್ನು ಬೇರೆಡೆಗೆ ಎಸೆಯುತ್ತಾನೆ. ಅದು ಪೊದೆಗಳ ನಡುವೆ ಸದ್ದು ಮಾಡುತ್ತ ಉರುಳುತ್ತದೆ, ಮೇಕೆಗಳು ಬೆದರಿ ಓಡುತ್ತವೆ.

ರಾಗಾದಿಗಳ ಉದಯವೇ ಹಿಂಸೆಯೆಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರ ನಿರ್ಣಯ. ಆ ಪ್ರಕಾರ ಕಲ್ಲೆತ್ತಿದ ಕ್ಷಣದಲ್ಲೇ ಭಾವಹಿಂಸೆ ಘಟಿಸಿಹೋಯಿತು. ಮೇಕೆ ಬದುಕಿದ್ದು ಅದನ್ನು ಅಳಿಸದು. ಆದರೂ ಕೈ ತಿರುಗಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ದಂಡಿಸುವ ಅರಸನಿಲ್ಲ, ನಿಂದಿಸುವ ಸಮಾಜವಿಲ್ಲ, ಹೊಗಳುವ ನಾಲಿಗೆಯಿಲ್ಲ. ಭೂಮಿಯ ಮೇಲೆ ಇನ್ನೊಬ್ಬ ಮನುಷ್ಯನೇ ಇಲ್ಲ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಪಂಚಮಕಾಲದ ಅಂತ್ಯವನ್ನು ವರ್ಣಿಸುವಾಗಲೂ ಹೀಗೆಯೇ ಒಂದು ಕೈಯಿದೆ. ಕಲ್ಕಿರಾಜನು ಕೊನೆಯ ಮುನಿಯ ಆಹಾರದ ಮೊದಲ ತುತ್ತನ್ನೇ ಕಂದಾಯವೆಂದು ಕೇಳುತ್ತಾನೆ. ಮುನಿ ಅದನ್ನು ಬಿಟ್ಟು ನಿರಾಹಾರನಾಗಿ ಹಿಂದಿರುಗುತ್ತಾನೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ನಾಲ್ವರೂ ಸಲ್ಲೇಖನ ಸ್ವೀಕರಿಸುತ್ತಾರೆ. ಅವರಲ್ಲಿ ಕ್ರೋಧವಿಲ್ಲ. ವರ್ನಿಗೆ ಅಂತಹ ಸಾಧನೆಯಿಲ್ಲ, ಗುರುವಿಲ್ಲ, ವ್ರತವಿಲ್ಲ. ಅವನ ಕೈಯನ್ನು ತಡೆದದ್ದು ಯಾವುದೆಂದು ಮೇರಿ ಶೆಲ್ಲಿ ವಿವರಿಸಲು ಹೋಗಿಲ್ಲ. ಅದು ಕಾದಂಬರಿಯ ಗುಣವೇ ಸರಿ.

ಅಂದಿನ ವಿಮರ್ಶಕರು ಈ ಕೃತಿಯನ್ನು ಹಳಿದರು. ಬಹುಕಾಲ ಮರೆತುಹೋಗಿದ್ದ ಅದು 1965ರಲ್ಲಿ ಅಮೆರಿಕದಲ್ಲಿ ಮರುಮುದ್ರಣಗೊಂಡಿತು.

ಬೆಟ್ಟವಿಳಿದ ವರ್ನಿ ನಿಸರ್ಗವೇ ಶತ್ರುವೆಂದು ಬಗೆದು ರೋಮ್‌ಗೆ ಹೋಗುತ್ತಾನೆ. ಆ ನಗರದ ಹೊರಬಯಲಿನಲ್ಲಿ ಕುರಿನಾಯಿಯೊಂದು ಅವನಿಗೆ ಸಿಗುತ್ತದೆ. ಯಜಮಾನ ಸತ್ತಿದ್ದರೂ ಅದು ದಾರಿತಪ್ಪಿದ ಕುರಿಯನ್ನು ಹಿಂಡಿಗೆ ಮರಳಿಸುತ್ತ ಕಾವಲು ನಿಂತಿರುತ್ತದೆ. 2100ನೆಯ ಇಸವಿ ಕಳೆದು ಹೊಸವರ್ಷ ಹುಟ್ಟಿದಾಗ, ಕೆಲವು ಪುಸ್ತಕಗಳೊಡನೆ ಆ ನಾಯಿಯನ್ನೂ ದೋಣಿಗೆ ಹತ್ತಿಸಿಕೊಂಡು ಕೊನೆಯ ಮನುಷ್ಯ ಕಡಲತೀರದ ಗುಂಟ ಹೊರಡುತ್ತಾನೆ.