ಅಂಗಳದ ನಿತ್ಯಪುಷ್ಪ

ಶಾಮನೂರಿನ ನಮ್ಮ ಅಂಗಳದಲ್ಲಿ ನಿತ್ಯಪುಷ್ಪದ ಗಿಡವೊಂದುಂಟು. ನೀರೆರೆಯದಿದ್ದರೂ ಹೂ ಬಿಡುತ್ತದೆ; ಕಹಿಯೆಂದು ಆಡು ಸಹ ಬಾಯಿ ಹಾಕದು. ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

2019ರಲ್ಲಿ ನನ್ನಾಕೆಯ ಕೊರಳಲ್ಲಿ ಗಂಟೊಂದು ಕಾಣಿಸಿತು. ಹಲ್ಲಿನ ಬಾಧೆಯೇ ಇರಬೇಕೆಂದು ನನ್ನ ಪಾಂಡಿತ್ಯ ತೋರಿಸಿ, ಲವಂಗದೆಣ್ಣೆಯಲ್ಲಿ ಒಂದು ತಿಂಗಳು ಕಳೆದೆ. ಆ ತಿಂಗಳಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಅದಕ್ಕೆ ಹೆಸರು ಸಿಕ್ಕಿತು: ಟಿ-ಕೋಶದ ಲಿಂಫೋಮಾ. ಮೈ ಕಾಯಬೇಕಾದ ಬಿಳಿಯ ರಕ್ತಕಣವೇ ಹದ್ದುಮೀರಿ ಬೆಳೆಯುವ ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

21 ದಿನಕ್ಕೊಮ್ಮೆ, ಆರು ಸಲ, ‘ಚಾಪ್’ ಎಂಬ ನಾಲ್ಕು ಔಷಧಿಗಳ ಚಿಕಿತ್ಸೆ. ಅವುಗಳಲ್ಲೊಂದು ವಿನ್‌ಕ್ರಿಸ್ಟಿನ್. ಅಮೆರಿಕದಲ್ಲಿ 1963ರಲ್ಲಿ ಒಪ್ಪಿಗೆ ಪಡೆದ ಆ ಮದ್ದು ನಿತ್ಯಪುಷ್ಪದ ಎಲೆಯಿಂದ ಬಂದದ್ದೆಂದು ವೈದ್ಯರು ಹೇಳಿದಾಗ, ನಮ್ಮ ಅಂಗಳ ಕಣ್ಣ ಮುಂದೆ ನಿಂತಿತು. ಹಾಗೆಂದು ಕಷಾಯ ಕಾಸೀರಿ, ಜೋಕೆ! ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಎಲೆ ಬೇಕು. ಎಲೆಯನ್ನೇ ತಿಂದರೆ ವಿಷ.

ನಿಜ ಹೇಳಬೇಕೆಂದರೆ ‘ಚಾಪ್’ ಅಣ್ಣನಿಗೆಂದು ಹೊಲಿಸಿ ತಮ್ಮನಿಗೂ ತೊಡಿಸಿದ ಅಂಗಿ. ಬಿ-ಕೋಶದ ಲಿಂಫೋಮಾದವರಿಗೆ ರಿಟುಕ್ಸಿಮ್ಯಾಬ್ ಜೊತೆಗೂಡಿ ಭಾಗ್ಯ ತೆರೆಯಿತು. ಟಿ-ಕೋಶದವರು ಬಹುಕಾಲ ಹಳೆಯ ಅಂಗಿಯಲ್ಲೇ ಉಳಿದರು. ನನ್ನಾಕೆಗೂ ಅದು ಸಾಲಲಿಲ್ಲ. ಮರುವರ್ಷ ರೋಗ ಮರಳಿತು.

ಆಗ ಬಂತು ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್. ರೋಗಕೋಶದ ಮೇಲಿನ ಸಿಡಿ30 ಎಂಬ ಗುರುತು ಹಿಡಿದು, ಒಳಹೊಕ್ಕು ವಿಷ ಬಿಚ್ಚುವ ಔಷಧಿ. ಆ ವಿಷದ ಮೂಲಮಾದರಿ ದೊರೆತದ್ದು ಹಿಂದೂ ಮಹಾಸಾಗರದ ಕಡಲಮೊಲವೆಂಬ, ಬಸವನಹುಳುವಿನ ಬಳಗದ ಜೀವಿಯಲ್ಲಿ! 452 ರೋಗಿಗಳ ಪರೀಕ್ಷೆಯೊಂದರಲ್ಲಿ, ವಿನ್‌ಕ್ರಿಸ್ಟಿನ್ ಬಿಟ್ಟು ಮೊದಲಿನಿಂದಲೇ ಇದನ್ನು ಸೇರಿಸಿದಾಗ, ಐದು ವರ್ಷದ ಬಳಿಕ ನೂರಕ್ಕೆ 70 ಮಂದಿ ಬದುಕಿದ್ದರು. ‘ಚಾಪ್’ ಪಡೆದವರಲ್ಲಿ 61. ಬರೀ ಒಂಬತ್ತೇ ಎನ್ನುವಿರಾ? ಆ ಒಂಬತ್ತು ಮನೆಗಳನ್ನು ಕೇಳಿ ನೋಡಿ. ಆದರೆ ಗುರುತಿಲ್ಲದ ಕೋಶಕ್ಕೆ ಈ ಬಾಣ ತಾಗುವುದು ಕಷ್ಟ; ಅಂಥವರು ಇನ್ನೂ ಕಾಯುತ್ತಿದ್ದಾರೆ.

ಆಕೆಯ ರೋಗಕ್ಕೆ ಗುರುತಿತ್ತು. ಭದ್ರಾ ನಾಲೆಯ ಕೆಳಗಿನ ನಮ್ಮ ಗದ್ದೆ ಮಾರಿದೆ. “ಗದ್ದೆ ಹೋತಲ್ರೀ” ಎಂದು ಅವಳು ಅತ್ತಳು. ರೋಗಕ್ಕೆ ಅಷ್ಟು ಅತ್ತವಳಲ್ಲ.

ಈಗ ಆರಾಮಾಗಿದ್ದಾಳೆ. ಆದರೆ ಎರಡೂ ಮದ್ದುಗಳು ಸೇರಿ ಬೆರಳುಗಳನ್ನು ಜೋಮುಗಟ್ಟಿಸಿವೆ, ಹೂ ಕಟ್ಟಲಾಗದು. ಹಾಗಾಗಿ ದೇವರ ಮಾಲೆ ನನ್ನ ಪಾಲಿಗೆ ಬಂದಿದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಾಳೆ.

“ಗಂಟು ಸಡ್ಲಾತು. ಬಿಚ್ಚಿ ಮತ್ತೆ ಕಟ್ರೀ.”

ಬಿಚ್ಚಿ, ಮತ್ತೆ ಕಟ್ಟುತ್ತೇನೆ.