ಕಳ್ಳರಿರುವ ಊರಿನಲ್ಲಿ ಹೊಸ ಸೈಕಲ್ಲು

ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರವನ್ನು ಕಾಲುವೆಗಳ ಊರೆಂದು ಕರೆಯುವುದು ವಾಡಿಕೆ. ಹದಿನೇಳನೆಯ ಶತಮಾನದಲ್ಲಿ ತೋಡಿದ ಕಾಲುವೆಗಳು ಅರ್ಧಚಂದ್ರಾಕಾರವಾಗಿ ಹಳೆಯ ನಗರವನ್ನು ಬಳಸಿಕೊಂಡಿವೆ; ಅವುಗಳ ದಂಡೆಯಲ್ಲಿ ಕಿರಿದಾದ, ಎತ್ತರವಾದ ಇಟ್ಟಿಗೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಆದರೆ ಅಲ್ಲಿ ನಾಲ್ಕು ದಿನ ತಂಗಿದವರಿಗೆ ಅದು ಸೈಕಲ್ಲುಗಳ ಊರಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ಸೇತುವೆಯ ಕಂಬಿಗೆಲ್ಲ ಸೈಕಲ್ಲು, ದೀಪದ ಕಂಬಕ್ಕೆಲ್ಲ ಸೈಕಲ್ಲು. ಸೂಟು ತೊಟ್ಟ ಅಧಿಕಾರಿ, ಮುಂದಿನ ಮರದ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಎಲ್ಲರೂ ಒಂದೇ ಹಾದಿಯಲ್ಲಿ ಸಾಗುತ್ತಾರೆ. ದೇಶದ ಜನಸಂಖ್ಯೆ ಸುಮಾರು ೧.೮ ಕೋಟಿಯಾದರೆ ಸೈಕಲ್ಲುಗಳು ಸುಮಾರು ೨.೩ ಕೋಟಿ. ನೆಲ ಅಂಗೈಯಷ್ಟು ಸಮ. ಏರೆಂದರೆ ಸೇತುವೆಯ ಬೆನ್ನು. ಮಿಕ್ಕ ಶ್ರಮವೆಲ್ಲ ಸಮುದ್ರದ ಕಡೆಯಿಂದ ಬೀಸುವ ಎದುರುಗಾಳಿಯದು.

ಇಷ್ಟು ಸೈಕಲ್ಲುಗಳಿರುವಲ್ಲಿ ಕಳ್ಳರಿಲ್ಲದೆ ಇದ್ದಾರೆಯೆ? ಈ ನಾಡಿಗೆ ಸೈಕಲ್ಲು ಕಳೆದುಕೊಳ್ಳುವ ದುಃಖ ಹಳೆಯದು. ೧೯೪೦ರಿಂದ ೧೯೪೫ರವರೆಗೆ ದೇಶವನ್ನು ಆಕ್ರಮಿಸಿದ್ದ ಜರ್ಮನ್ ಸೈನ್ಯ ಜನರ ಸೈಕಲ್ಲುಗಳನ್ನು ಕಿತ್ತುಕೊಂಡಿತು. ಯುದ್ಧ ಮುಗಿದು ದಶಕಗಳು ಕಳೆದ ಮೇಲೂ, ಜರ್ಮನರನ್ನು ಕಂಡರೆ ತಮ್ಮ ಸೈಕಲ್ಲನ್ನು ಹಿಂದಕ್ಕೆ ಕೊಡುವಂತೆ ಕೇಳುವ ಹಾಸ್ಯ ಡಚ್ಚರಲ್ಲಿ ಉಳಿದಿತ್ತು. ೧೯೬೫ರಲ್ಲಿ ಪ್ರೊವೊ ಎಂಬ ತರುಣರ ಗುಂಪು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟಿತು. ಬೇಕಾದವರು ಏರಲಿ, ಇಳಿದಲ್ಲಿ ಬಿಡಲಿ ಎಂಬುದು ಅವರ ಉದ್ದೇಶ. ಬೀಗ ಹಾಕದೆ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೋಲೀಸರು ಅವುಗಳನ್ನು ವಶಪಡಿಸಿಕೊಂಡರು! ಎಲ್ಲರಿಗೂ ಸೇರಿದ ಸೈಕಲ್ಲು ಎಂಬ ಆ ಕಲ್ಪನೆ ಬೇರೆ ಬೇರೆ ರೂಪ ತಾಳಿ ಹಲವು ದೇಶಗಳನ್ನು ಸುತ್ತಿತು. ೨೦೧೭ರಲ್ಲಿ ನಮ್ಮ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಿಂದ ಆರಂಭವಾದ ಸೈಕಲ್ಲುಗಳೂ ಅದೇ ವಂಶದವು.

ಕದ್ದವುಗಳಲ್ಲಿ ಕೆಲವು ಕಾಲುವೆಯ ತಳವನ್ನು ಸೇರುತ್ತವೆ. ಉಕ್ಕಿನ ದೊಡ್ಡ ಪಂಜವುಳ್ಳ ದೋಣಿಗಳು ವರ್ಷಕ್ಕೆ ಹನ್ನೆರಡರಿಂದ ಹದಿನೈದು ಸಾವಿರ ಸೈಕಲ್ಲುಗಳನ್ನು ನೀರಿನಿಂದ ಮೇಲೆತ್ತುತ್ತವೆ. ಗಾಳಿಗೆ ಉರುಳಿದವು, ಒಡೆಯನೇ ಎಸೆದವು, ಕುಡಿದವರು ತಳ್ಳಿದವು ಎಲ್ಲವೂ ಆ ರಾಶಿಯಲ್ಲಿರುತ್ತವೆ.

ನನ್ನ ತಮ್ಮನ ಮಗಳು ಈ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ. ನಾನು ಅಲ್ಲಿಗೆ ಹೋದಾಗ, ಮನೆಯ ಮುಂದೆಯೇ ನಿಲ್ಲಿಸಿದ್ದ ಅವಳ ಸೈಕಲ್ಲು ಹೋಗಿ ಹತ್ತು ದಿನವಾಗಿತ್ತು. ಆ ಹತ್ತು ದಿನಗಳಲ್ಲಿ ಅವಳ ಊರು ಚಿಕ್ಕದಾಗಿತ್ತು. ಪ್ರಯೋಗಶಾಲೆಯ ಕೆಲಸ ಮುಗಿಯುವುದು ಎಷ್ಟೋ ವೇಳೆ ನಡುರಾತ್ರಿಗೆ. ಟ್ರಾಮು ನಿಲ್ಲುವ ಮೊದಲೇ ಹೊರಡಬೇಕೆಂದು ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದಳು. ಗೆಳತಿಯರ ಮನೆಗೆ ಹೋಗುವುದೂ ನಿಂತಿತ್ತು.

"ಹೊಸದನ್ನು ಕೊಂಡರೆ ಕಳ್ಳನಿಗೆಂದೇ ಕೊಂಡ ಹಾಗೆ, ದೊಡ್ಡಪ್ಪ" ಎಂದಳು. "ತುಕ್ಕು ಹಿಡಿದ ಹಳೆಯದೊಂದನ್ನು ಕೊಂಡುಕೋ ಎಂದೇ ಎಲ್ಲರೂ ಹೇಳುತ್ತಾರೆ."

ಆ ಮಾತಿನಲ್ಲಿ ಲೋಕಾನುಭವವುಂಟು. ಆದರೆ ಲೆಕ್ಕ ಹಾಕಿ ನೋಡಿದೆವು. ೧೨೦ ಯೂರೋ ಕೊಟ್ಟ ಹಳೆಯ ಸೈಕಲ್ಲಿಗೆ ಚಕ್ರ, ಬ್ರೇಕು, ದೀಪ ಎಂದು ವರ್ಷವಿಡೀ ತೆರುತ್ತಿರಬೇಕು. ೫೦೦ ಯೂರೋದ ಗಟ್ಟಿ ಸೈಕಲ್ಲು ಐದು ವರ್ಷ ಬಾಳಿದರೆ ವರ್ಷಕ್ಕೆ ನೂರೇ ಯೂರೋ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬೀದಿಯ ತಿರುವಿನಲ್ಲಿ ಅತಿ ಅಗ್ಗಕ್ಕೆ ಸಿಗುವ ಸೈಕಲ್ಲು ಇನ್ನಾರದೋ ಮನೆಯ ಮುಂದಿನಿಂದ ಬಂದದ್ದಿರಬಹುದು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಆ ದೇಶದಲ್ಲಿ ಅಪರಾಧ. ಕಳ್ಳನಿಗೆ ಹೆದರಿ ಕಳ್ಳನಿಂದಲೇ ಕೊಂಡರೆ ಅವನ ಅಂಗಡಿಗೆ ನಾವೇ ಗಿರಾಕಿಗಳಾದಂತಾಯಿತು. ಹಳೆಯದನ್ನೇ ಕೊಳ್ಳುವವರು ಅಂಗಡಿಯ ರಸೀತಿಯನ್ನು ಕೇಳಬೇಕು. ಫ್ರೇಮಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಕಳುವಾದವುಗಳ ಸರಕಾರಿ ಪಟ್ಟಿಯೊಡನೆ ಹೋಲಿಸಬೇಕು. ತಿಂಗಳ ಬಾಡಿಗೆಯ ಸೈಕಲ್ಲುಗಳೂ ಉಂಟು. ೨೦೧೪ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಅಂಥದೊಂದು ಸಂಸ್ಥೆಯ ಸೈಕಲ್ಲನ್ನು ನೀಲಿಯ ಮುಂಚಕ್ರದಿಂದ ಗುರುತಿಸಬಹುದು. ಕೆಲವೇ ತಿಂಗಳು ಇರುವವರಿಗೆ ಅದು ಮೇಲು. ಇವಳಿಗೋ ಇನ್ನೂ ಮೂರು ವರ್ಷದ ಕೆಲಸವಿತ್ತು.

ಅಂಗಡಿಯಲ್ಲಿ ಹೊಳೆಯುವ ಗೇರುಗಳ ಹಗುರ ಸೈಕಲ್ಲುಗಳು ಸಾಲಾಗಿದ್ದವು. ಅವುಗಳನ್ನು ದಾಟಿ ನಾವು ನಿಂತದ್ದು ಡಚ್ಚರು 'ಓಮಾಫಿಯೆಟ್ಸ್', ಎಂದರೆ ಅಜ್ಜಿಯ ಸೈಕಲ್ಲು, ಎಂದು ಕರೆಯುವ ಕಪ್ಪು ಸೈಕಲ್ಲಿನ ಮುಂದೆ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತ ಕಪ್ಪು ಸೈಕಲ್ಲಿಗೆ ಇದು ದಾಯಾದಿ. ಎರಡಕ್ಕೂ ಮೂಲ ಹಳೆಯ ಇಂಗ್ಲಿಷ್ ಮಾದರಿ. ಮುಂದಿನ ಅಡ್ಡಪಟ್ಟಿ ಇಲ್ಲದ್ದರಿಂದ ಏರಿಳಿಯುವುದು ಸುಲಭ; ನೆಟ್ಟಗೆ ಕುಳಿತು ನಾಲ್ಕು ದಿಕ್ಕನ್ನೂ ನೋಡಬಹುದು. ಚೈನಿಗೆ ಪೂರ್ತಿ ಮುಚ್ಚಳವಿರುವುದರಿಂದ ಮಳೆಯಲ್ಲಿ ತುಕ್ಕು ಹಿಡಿಯದು, ಬಟ್ಟೆ ಸಿಕ್ಕಿಕೊಳ್ಳದು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಮೂರು ಗೇರುಗಳು ಹಿಂಚಕ್ರದ ಗುಬ್ಬದೊಳಗೆ ಅಡಗಿವೆ. ಮುಂಚಕ್ರದ ಗುಬ್ಬದಲ್ಲಿ ಡೈನಮೊ, ಆದ್ದರಿಂದ ಕಿತ್ತೊಯ್ಯಲು ಬ್ಯಾಟರಿ ದೀಪವಿಲ್ಲ. ಚಕ್ರಗಳನ್ನು ಕೈಯಿಂದ ಬಿಚ್ಚಲಾಗದು, ಸ್ಪ್ಯಾನರು ಬೇಕು. ಹಿಂಬದಿಯಲ್ಲಿ, ನಮ್ಮ ಊರಿನ ಸೈಕಲ್ಲಿನಂತೆಯೇ, ಚಕ್ರಕ್ಕೆ ಅಡ್ಡ ಬೀಳುವ ಬಳೆಯ ಬೀಗ.

ಅದೊಂದೇ ಸಾಲದು. ಅದು ಚಕ್ರ ತಿರುಗದಂತೆ ತಡೆಯುತ್ತದೆ. ಸೈಕಲ್ಲನ್ನೇ ಎತ್ತಿ ವಾಹನಕ್ಕೆ ತುಂಬುವವನನ್ನು ತಡೆಯಲಾರದು. ಆದ್ದರಿಂದ ಫ್ರೇಮನ್ನೂ ಮುಂಚಕ್ರವನ್ನೂ ಸೇರಿಸಿ ನೆಲಕ್ಕೆ ಹುಗಿದ ಕಂಬಿಗೆ ಕಟ್ಟುವ ಗಡುಸಾದ ಉಕ್ಕಿನ ಸರಪಳಿಗೆ ಇನ್ನೊಂದಿಷ್ಟು ಹಣ ಕೊಟ್ಟೆವು. ಬೀಗವೇ ಇಷ್ಟು ಭಾರವೆ ಎಂದು ಅವಳು ನಕ್ಕಳು. ಫ್ರೇಮಿನ ಸಂಖ್ಯೆ, ರಸೀತಿ, ಎರಡನೆಯ ಬೀಗದ ಕೈ ಮೂರನ್ನೂ ಒಂದೇ ಲಕೋಟೆಯಲ್ಲಿ ಇಡಿಸಿದೆ. ವಿಮೆಯವರು ಮೊದಲು ಕೇಳುವುದು ಎರಡು ಕೈಗಳನ್ನು.

ನಗರವೂ ಸುಮ್ಮನೆ ಕುಳಿತಿಲ್ಲ. ೨೦೨೩ರ ಜನವರಿಯಲ್ಲಿ ಸೆಂಟ್ರಲ್ ರೈಲು ನಿಲ್ದಾಣದೆದುರು ನೀರಿನ ಅಡಿಯಲ್ಲಿ ೭,೦೦೦ ಸೈಕಲ್ಲುಗಳ ನಿಲುಗಡೆಯನ್ನು ತೆರೆದರು. ಇಳಿಜಾರಿನ ಹಾದಿಯಲ್ಲಿ ಕೆಳಗಿಳಿದರೆ ಬೆಳ್ಳನೆಯ ವಿಶಾಲ ಭವನ, ಸಾಲುಸಾಲಾಗಿ ಎರಡಂತಸ್ತಿನ ಕಂಬಿಗಳು. ಮೊದಲ ೨೪ ಗಂಟೆ ಉಚಿತ. ಯಾವ ನೀರಿನ ತಳದಿಂದ ಸೈಕಲ್ಲುಗಳನ್ನು ಹೆಕ್ಕುತ್ತಿದ್ದರೋ ಆ ನೀರಿನ ಕೆಳಗೇ ಈಗ ಅವುಗಳಿಗೆ ಕಾವಲಿನ ಮನೆ!

ಇಷ್ಟು ಮಾಡಿದರೂ ಕಳವಾಗದೆಂಬ ಭರವಸೆಯನ್ನು ಯಾರೂ ಕೊಡಲಾರರು. ಎಂಥ ಬೀಗವೂ ಮುರಿಯಲು ಹಿಡಿಯುವ ಹೊತ್ತನ್ನು ಹೆಚ್ಚಿಸೀತು, ಅಷ್ಟೆ. ಆದರೆ ಕಳ್ಳನ ಭಯದಿಂದ ಕೆಟ್ಟ ಬ್ರೇಕಿನ, ಮಂಕುದೀಪದ ಸೈಕಲ್ಲನ್ನು ನಡುರಾತ್ರಿ ತುಳಿಯುವುದು ಯಾವ ಜಾಣತನ? ಸೈಕಲ್ಲು ಹೋದರೆ ಹಣ ಹೋದೀತು. ಹೊತ್ತು ಮೀರಿದ ಮೇಲೂ ಒಬ್ಬಳೇ ನಿರ್ಭಯವಾಗಿ ಮನೆಗೆ ಬರುವ ಸ್ವಾತಂತ್ರ್ಯವನ್ನು ಕಳ್ಳ ಬರುವ ಮೊದಲೇ ಅವನಿಗೆ ಒಪ್ಪಿಸಿಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಅವಳು ಪ್ರಯೋಗವನ್ನು ಪೂರ್ತಿ ಮುಗಿಸಿಕೊಂಡು ಒಂದು ಗಂಟೆಗೆ ಮನೆಗೆ ಬಂದಳು. ಕೆಳಗೆ ಸರಪಳಿಯ ಸದ್ದು ಕೇಳಿಸಿತು. ನಾನು ದೀಪವಾರಿಸಿ ಮಲಗಿದೆ.