ಪಾದದ ನಾಡಿ

ಕಳ್ಳಾಟ ಆಡುವ ಮಕ್ಕಳನ್ನು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗೆ ಬಹಳ ದಿನ ಇತ್ತು. ಅದು ಇಳಿದದ್ದು 2012ರಲ್ಲಿ.

ಆಗ ನಾನು ಪೀಣ್ಯದ ಒಂದು ಶಾಲೆಯಲ್ಲಿದ್ದೆ. ಏಳನೆಯ ತರಗತಿಯ ಆ ಹುಡುಗಿಯ ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಆಟದ ಪೀರಿಯಡ್ಡು ಬಂತೆಂದರೆ ಇವಳು "ಮಿಸ್, ತಲೆ ನೋಯುತ್ತೆ, ಕಾಲು ಸೋಲುತ್ತೆ" ಎಂದು ಮೂಲೆ ಸೇರುವಳು. ನೋಡಿದರೆ ಗಟ್ಟಿಮುಟ್ಟು. "ನಿನ್ನ ವಯಸ್ಸಿನಲ್ಲಿ ನಾವು ಮೂರು ಮೈಲಿ ನಡೀತಿದ್ವಿ" ಎಂದು ಎಲ್ಲರೆದುರು ಗದರಿದೆ. ಪಾಪ, ಓಡಿದಳು. ಅರ್ಧ ಸುತ್ತಿಗೇ ಕಾಲು ಹಿಡಿದುಕೊಂಡು ಕುಳಿತುಬಿಟ್ಟಳು.

ಮುಂದೆ ಶಾಲೆಗೆ ತಪಾಸಣೆಗೆಂದು ಬಂದ ಡಾಕ್ಟರು ಅವಳ ತೋಳಿನಲ್ಲಿ ಬಿ.ಪಿ. ನೋಡಿ ಹುಬ್ಬೇರಿಸಿದರು. ಬಗ್ಗಿ ಪಾದದ ಮೇಲೆ ಬೆರಳಿಟ್ಟರು. "ನೀವೂ ಮುಟ್ಟಿ ನೋಡಿ ಮೇಡಂ" ಎಂದರು. ತಣ್ಣಗಿತ್ತು. ನಾಡಿ ಸಿಗಲೇ ಇಲ್ಲ.

ಹೃದಯದಿಂದ ಹೊರಟ ಮಹಾಧಮನಿ ತಲೆಗೂ ಕೈಗಳಿಗೂ ಕವಲು ಕೊಟ್ಟು ಕೆಳಗಿಳಿಯುವ ಜಾಗದಲ್ಲಿ ಹುಟ್ಟಿನಿಂದಲೇ ಕಿರಿದಾಗಿತ್ತಂತೆ. ನೀರಿನ ಪೈಪನ್ನು ನಡುವೆ ಅದುಮಿದ ಹಾಗೆ: ಹಿಂದೆ ಒತ್ತಡ, ಮುಂದೆ ಸಣ್ಣ ಧಾರೆ. ಅವಳ ತಲೆನೋವೂ ನಿಜ, ಕಾಲು ಸೋಲುವುದೂ ನಿಜ. ಹಾಗೇ ಬಿಟ್ಟರೆ ಮುಂದೆ ಹೃದಯ ಸೋಲಬಹುದು, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು ಎಂದರು.

"ಎದೆ ಕೊಯ್ತಾರಾ? ದುಡ್ಡೆಲ್ಲಿಂದ ತರಲಿ ಮಿಸ್?" ಎಂದು ಆ ತಾಯಿ ಅತ್ತರು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಹೃದಯದ ಕಾಯಿಲೆಗೆ ಉಚಿತ ಚಿಕಿತ್ಸೆ ಇದೆಯೆಂದು ಕೇಳಿದ್ದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಮೂವರೂ ಹೋದೆವು. ಅಲ್ಲಿ ದುಡ್ಡು ಕಟ್ಟುವ ಕಿಟಕಿಯೇ ಇರಲಿಲ್ಲ. ಎದೆಯನ್ನೂ ಕೊಯ್ಯಲಿಲ್ಲ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು, ಎಕ್ಸ್‌ರೇ ಪರದೆ ನೋಡುತ್ತ, ಮೇಲಕ್ಕೆ ಕಳಿಸಿದರು. ಕಿರಿದಾದಲ್ಲಿ ಬಲೂನು ಉಬ್ಬಿಸಿ ಹಿಗ್ಗಿಸಿ, ಮತ್ತೆ ಮುದುಡದಂತೆ ಲೋಹದ ಜಾಲರಿಯ ಸ್ಟೆಂಟ್ ಕೂರಿಸಿದರು. ಆಮೇಲೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕಿತ್ತು, ಅಷ್ಟೆ. ತಾಯಿ ಪಾದ ಸವರಿ, "ಬೆಚ್ಚಗಿದೆ ಮಿಸ್" ಎಂದರು.

ಎಲ್ಲರಿಗೂ ಇದೇ ದಾರಿಯಲ್ಲ. ಎಳೆಗೂಸುಗಳಿಗೆ ಸಾಮಾನ್ಯವಾಗಿ ಆಪರೇಷನ್ನೇ ಆಗಬೇಕು. ಸ್ಟೆಂಟ್ ಕೂರಿಸಿದ ಮೇಲೂ ಬಿ.ಪಿ.ಯನ್ನು ಜೀವನಪೂರ್ತಿ ನೋಡಿಸಿಕೊಳ್ಳುತ್ತಿರಬೇಕು. ಸುಸ್ತೆನ್ನುವ ಮಗುವಿನ ಕೈಯಲ್ಲಿ ಬಿ.ಪಿ. ಹೆಚ್ಚಿದ್ದರೆ, ಕಾಲಿನಲ್ಲೂ ನೋಡಿ ಎಂದು ಡಾಕ್ಟರನ್ನು ಕೇಳಲು ತಾಯಂದಿರು ನಾಚಬಾರದು.

ಈಗ ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹಬ್ಬಕ್ಕೆ ಬಂದವಳು ನಮಸ್ಕರಿಸಲು ಬಗ್ಗಿದಾಗ ತಡೆದೆ. "ಬೇಡ ಕಣೇ, ನಿನ್ನ ಕಾಲು ಮುಟ್ಟಿ ಪಾಠ ಕಲಿತವಳು ನಾನು" ಎಂದೆ. ಅವಳು ನಕ್ಕಳು. ಗದರಿದ್ದು ಅವಳಿಗೆ ಮರೆತಿದೆಯಂತೆ. ನನಗೆ ಮರೆತಿಲ್ಲ. ಕಾಲು ನೋವೆಂದು ಯಾವ ಮಗು ಬಂದರೂ ಈಗ ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.